ಸರೋದ್ ಮೇಷ್ಟ್ರು ಅಮೆರಿಕಕ್ಕೆ ಹೋದದ್ದು ಯಾಕೆ?

ಪ್ರಶ್ನೆ: ಸರೋದ್ ವಾದಕ ಅಲಿ ಅಕ್ಬರ್ ಖಾನ್ ನಮ್ಮಲ್ಲೇ ಅಷ್ಟು ದೊಡ್ಡ ಹೆಸರು ಮಾಡಿದ್ದರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹೊಸಬರಿಗೆ ಸರಿಗಮ ಹೇಳಿಕೊಡುತ್ತಾ ಯಾಕೆ ಕೂತರು? ಇಲ್ಲಿ ಕಛೇರಿ ಸಿಗುತ್ತಿರಲಿಲ್ಲವಾ?

ಉತ್ತರ: ಕಛೇರಿಗೇನೂ ಬರ ಇರಲಿಲ್ಲ. ಪಾಠ ಹೇಳೋದು ಕಛೇರಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸ ಅಂತ ನೀವು ಮೊದಲೇ ತೀರ್ಮಾನ ಮಾಡಿಕೊಂಡ ಹಾಗಿದೆ, ಅಲ್ವಾ? ಅವರು ಹುಟ್ಟಿದ ಮನೆಯಲ್ಲಿ ಆ ಲೆಕ್ಕ ಇರಲಿಲ್ಲ. ತಂದೆ ಅಲ್ಲಾವುದ್ದೀನ್ ಖಾನ್ ಈಗಿನ ಮಧ್ಯಪ್ರದೇಶದ ಮೈಹರ್ ಆಸ್ಥಾನದ ವಿದ್ವಾಂಸರು, ಮಹಾ ಕಟ್ಟುನಿಟ್ಟಿನ ಗುರು. ಸಿತಾರ್ ವಾದಕ ರವಿಶಂಕರ್ ಕಲಿತದ್ದೂ ಅವರ ಹತ್ತಿರವೇ. ಮಗನಿಗಂತೂ ರಿಯಾಝ್, ಅಂದರೆ ಸಂಗೀತದ ಅಭ್ಯಾಸ, ಬಿಟ್ಟರೆ ಬೇರೆ ಬಾಲ್ಯವೇ ಇರಲಿಲ್ಲ.

ಅಲಿ ಅಕ್ಬರ್ ಹುಟ್ಟಿದ್ದು 1922ರಲ್ಲಿ, ಈಗಿನ ಬಾಂಗ್ಲಾದೇಶದ ಶಿಬಪುರದಲ್ಲಿ. ಚಿಕ್ಕ ವಯಸ್ಸಿಗೇ ಜೋಧಪುರದ ಆಸ್ಥಾನ ಸೇರಿದರು. 1952ರಲ್ಲಿ ಅಲ್ಲಿನ ಮಹಾರಾಜ ಹನ್ವಂತ್ ಸಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹೇಗೂ ರಾಜರ ಕಾಲ ಮುಗಿಯುತ್ತಾ ಬಂದಿತ್ತು ಬಿಡಿ. 1955ರಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಕರೆದರು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಸರೋದ್ ಕಛೇರಿ ಆಯಿತು, ಎಲ್‌ಪಿ ರೆಕಾರ್ಡೂ ಬಂತು. ಮರುವರ್ಷ ಅವರು ಕಾಲೇಜು ತೆಗೆದದ್ದು ಮಾತ್ರ ಅಮೆರಿಕದಲ್ಲಲ್ಲ, ಕಲ್ಕತ್ತಾದಲ್ಲಿ! ಅಂದರೆ ಮೇಷ್ಟ್ರಾಗುವ ಆಸೆ ವಿದೇಶದಲ್ಲಿ ಹುಟ್ಟಿದ್ದಲ್ಲ, ಇಲ್ಲಿಂದಲೇ ಜೊತೆಗೆ ಹೋದದ್ದು.

ಕಾಲವೂ ಕೂಡಿಬಂತು. 1946ರ ಕಾನೂನಿನ ಪ್ರಕಾರ ವಲಸೆ ಬರುವ ಭಾರತೀಯರಿಗೆ ಅಮೆರಿಕ ಇಟ್ಟಿದ್ದ ಕೋಟಾ ವರ್ಷಕ್ಕೆ ಬರೀ 100 ಜನ. 1965ರಲ್ಲಿ ಆ ಪದ್ಧತಿ ತೆಗೆದುಹಾಕುವ ಕಾನೂನು ಬಂತು. ಅದೇ ವರ್ಷ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಾಠ ಶುರು ಮಾಡಿದರು. 1967ರಲ್ಲಿ ಅಲ್ಲೇ ಸ್ವಂತ ಕಾಲೇಜು, ಮರುವರ್ಷ ಅದು ಹತ್ತಿರದ ಮರಿನ್ ಕೌಂಟಿಗೆ ಹೋಯಿತು. 2009ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಆ ಕಡೆಯೇ.

ಪ್ರಶ್ನೆ: ರಾಗ ಅಂದರೇನು ಅಂತಲೇ ಗೊತ್ತಿಲ್ಲದ ಅಮೆರಿಕನ್ನರಿಗೆ ಸರೋದ್ ಹೇಗೆ ಕಲಿಸಿದರು?

ಉತ್ತರ: ಮೊದಲು ಹಾಡಿಸಿದರು. ಸರೋದ್ ಕಲಿಯೋಕೆ ಬಂದವರೂ ಗಾಯನದ ತರಗತಿಯಲ್ಲಿ ಕೂರಬೇಕಿತ್ತು. ಅವರು ಒಂದು ಸಾಲು ಹಾಡೋದು, ತರಗತಿ ಅದನ್ನು ತಿರುಗಿ ಹಾಡೋದು, ಆಮೇಲೆ ವಾದ್ಯ. ಸುಮ್ನೆ ಸಂಪ್ರದಾಯಕ್ಕಂತ ಮಾಡಿಸಿದ್ದಲ್ಲ ಇದು. ಸರೋದ್‌ನಲ್ಲಿ ಸಿತಾರಿನ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟುಗಳಿಲ್ಲ. ನುಣುಪಾದ ಉಕ್ಕಿನ ಪಟ್ಟಿ, ಅದರ ಮೇಲೆ ತಂತಿ, ಬಲಗೈಯಲ್ಲಿ ತಂತಿ ಮೀಟೋಕೆ ತೆಂಗಿನ ಚಿಪ್ಪಿನ ಜವಾ. ಎಡಗೈ ಬೆರಳು ಒಂದು ಕೂದಲಷ್ಟು ಆಚೀಚೆ ಆದರೂ ಸ್ವರ ಕೆಟ್ಟಿತು. ಗಾಂಧಾರದಿಂದ ರಿಷಭಕ್ಕೆ ಮೀಂಡ್ ಎಳೆಯುವಾಗ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವಾಗ, ಎಲ್ಲಿ ನಿಲ್ಲಬೇಕು ಅಂತ ಹೇಳೋಕೆ ಕಣ್ಣಿಗೆ ಕಾಣುವ ಗುರುತೇ ಇಲ್ಲ, ಆ ಜಾಗ ಮೊದಲು ಗಂಟಲಿಗೂ ಕಿವಿಗೂ ಗೊತ್ತಾಗಿರಬೇಕು, ಆಮೇಲೆ ಬೆರಳು ತಾನಾಗಿ ಹೋಗುತ್ತದೆ. ಅವರ ತಂದೆಯೂ ಅವರಿಗೆ ಗಾಯನದಿಂದಲೇ ಶುರು ಮಾಡಿಸಿದ್ದು.

ನನಗೆ ಅವರಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ಊರು ಬದಲಾಯಿತು, ಶಿಷ್ಯರ ಬಣ್ಣ ಭಾಷೆ ಬದಲಾಯಿತು, ಪಾಠ ತೆಳುವಾಗಲಿಲ್ಲ. ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಕಾಲೇಜಿನ ಶಾಖೆ ಬಂತು. 1991ರಲ್ಲಿ ಅಮೆರಿಕದ ದೊಡ್ಡ ಗೌರವವಾದ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು. ಇತ್ತ ಭಾರತ ಅದಕ್ಕೆ 2 ವರ್ಷ ಮೊದಲೇ ಪದ್ಮವಿಭೂಷಣ ಕೊಟ್ಟಿತ್ತು.

ಪ್ರಶ್ನೆ: ಪಾಠ ಜಾಸ್ತಿಯಾದರೆ ಕೈ ಒಣಗುವುದಿಲ್ಲವಾ?

ಉತ್ತರ: ಕೆಲವರಿಗೆ ಒಣಗುತ್ತದೆ, ಸುಳ್ಳು ಯಾಕೆ ಹೇಳಲಿ. ಇವರಿಗೆ ಹಾಗಾಗಲಿಲ್ಲ. 1971ರ ಆಗಸ್ಟ್ 1ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನೆರವಿಗೆ ನಡೆದ ಕಛೇರಿಯಲ್ಲಿ ರವಿಶಂಕರ್ ಪಕ್ಕ ಕೂತು ನುಡಿಸಿದ್ದು ಇದೇ ಮೇಷ್ಟ್ರು.

ಪ್ರಶ್ನೆ: ಕನ್ನಡದವರು ಯಾರಾದರೂ ಅವರ ಹತ್ತಿರ ಕಲಿತಿದ್ದಾರಾ?

ಉತ್ತರ: ರಾಜೀವ ತಾರಾನಾಥರನ್ನು ಮರೆತರೆ ಹೇಗೆ ಸ್ವಾಮಿ! ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರ ಕೆಲಸ ಬಿಟ್ಟು ಸರೋದ್ ಹಿಡಿದವರು, ಅಲಿ ಅಕ್ಬರ್ ಅವರ ಶಿಷ್ಯರು. ಆಮೇಲೆ ತಾವೂ ಕ್ಯಾಲಿಫೋರ್ನಿಯಾಗೆ ಹೋಗಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ವರ್ಷಗಟ್ಟಲೆ ಕಲಿಸಿ, ತಿರುಗಿ ಬಂದು ಮೈಸೂರಿನಲ್ಲಿ ನೆಲೆಸಿದರು. 2024ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಿಕೆಗಳು ಸಿಗುತ್ತವೆ. ಮೊದಲು ಆಲಾಪ ಕೇಳಿ, ತಬಲಾ ಬರುವವರೆಗೆ ಅವಸರ ಮಾಡಬೇಡಿ.