ಊಟ ಆಯ್ತಾ ಅಂತ ಕೇಳುವವನು

"ಟೀಚರೇ, ಇವನ ಕೈಯಿಂದ ಫೋನ್ ಒಮ್ಮೆ ಬಿಡಿಸಿ ಕೊಡಿ." ಕಾಸರಗೋಡಿನ ಹಳ್ಳಿಗಳಿಂದ ಸಲಹೆ ಕೇಳಿ ನನ್ನ ಹತ್ತಿರ ಬರುವ ಅಮ್ಮಂದಿರು ಹೆಚ್ಚಾಗಿ ಇದನ್ನೇ ಹೇಳುತ್ತಾರೆ. ಬದಿಯಡ್ಕ ಕಡೆಯ ಈ ಎಂಟನೇ ಕ್ಲಾಸಿನ ಹುಡುಗನ ಅಮ್ಮನೂ ಅದನ್ನೇ ಹೇಳಿದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಅಪ್ಪ ಗಲ್ಫಿನಲ್ಲಿ. ಮಗ ನಡುರಾತ್ರಿ ತನಕ ಗೇಮ್ ಆಡುತ್ತಾನೆ, ಕಿತ್ತುಕೊಂಡರೆ ಊಟ ಬಿಡುತ್ತಾನೆ.

ಹುಡುಗನೊಬ್ಬನನ್ನೇ ಕೂರಿಸಿಕೊಂಡು ಗೇಮಿನ ಬಗ್ಗೆಯೇ ಕೇಳಿದೆ. ಟೀಮಿನಲ್ಲಿ ಯಾರೆಲ್ಲ ಇದ್ದಾರೆ ಎಂದಾಗ ಮುಖ ಅರಳಿತು.

"ಒಬ್ಬ ಇದ್ದಾನೆ. ದಿನಾ ಊಟ ಆಯ್ತಾ ಕೇಳ್ತಾನೆ."

"ಅಪ್ಪ ಕಾಲ್ ಮಾಡುದಿಲ್ವಾ?"

"ದಿನಾ ವಿಡಿಯೊ ಕಾಲ್ ಉಂಟು ಟೀಚರೇ. ನೋಟ್ಸ್ ತೋರ್ಸು ಅಂತಾರೆ." ಖಾಲಿ ಕೈಯನ್ನೇ ಫೋನಿನ ಹಾಗೆ ಹಿಡಿದು ಮೇಜಿನತ್ತ ಬಗ್ಗಿಸಿದ. "ಹೀಗೆ ಪುಸ್ತಕಕ್ಕೆ ಹಿಡೀತೇನೆ. ಮತ್ತೆ ಅಮ್ಮನಿಗೆ ಕೊಡು ಅಂತಾರೆ."

ಅಷ್ಟು ದೂರದಿಂದ ದಿನಾ ಕರೆ ಮಾಡುವ ಅಪ್ಪನಿಗೆ ಪ್ರೀತಿ ಇಲ್ಲ ಅಂತ ಯಾರು ಹೇಳಿಯಾರು? ಆದರೆ ಆ ಕರೆಯಲ್ಲಿ ಅವರು ನೋಡುವುದು ಗಣಿತದ ಪುಸ್ತಕವನ್ನು, ಮಗನ ಮುಖವನ್ನಲ್ಲ.

ಫೋನ್ ಕಿತ್ತುಕೊಳ್ಳಬೇಡಿ ಅಂದೆ. ಜೊತೆಗೆ ಬಂದಿದ್ದ ಸೋದರಮಾವನಿಗೆ ಇದು ಹಿಡಿಸಲಿಲ್ಲ, "ಹೀಗೆ ಹೇಳಿಯೇ ಮಕ್ಕಳು ಹಾಳಾಗುದು" ಅಂದರು. ನನ್ನ ಮಾತನ್ನು ನಾನು ಬದಲಿಸಲಿಲ್ಲ, ಈಗಲೂ ಬದಲಿಸುವುದಿಲ್ಲ. ಮನೆಯಲ್ಲಿ ಮಾತಿಗೆ ಜನ ಇಲ್ಲದೆ, ಇದ್ದ ಒಂದು ಮಾತನ್ನೂ ಸುಮ್ನೆ ಕಸಿದರೆ ಮಗು ಕದ್ದು ಆಡುತ್ತದೆ, ಅಷ್ಟೇ. ಹಾಗಂತ ಮಿತಿ ಬೇಡ ಅಂತಲ್ಲ. ರಾತ್ರಿ ಹತ್ತಕ್ಕೆ ಫೋನ್ ಅಮ್ಮನ ಕೋಣೆಯಲ್ಲಿ ಚಾರ್ಜಿಗೆ, ಅಮ್ಮನದೂ ಅಲ್ಲೇ. ಅಪ್ಪನ ಕರೆಯಲ್ಲಿ ಮೊದಲು ಮಗನ ಮಾತು, ಪುಸ್ತಕ ಆಮೇಲೆ. ಇದನ್ನು ಹೇಳಲು ಅಪ್ಪನ ಹತ್ರ ನಾನೇ ಮಾತಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂತ ಕೇಳುದು ಅಂತ ಗೊತ್ತಾಗುದಿಲ್ಲ ಟೀಚರೇ, ಅದಕ್ಕೆ ನೋಟ್ಸ್ ಕೇಳುದು" ಅಂದರು. ಗೇಮಿನ ಬಗ್ಗೆಯೇ ಕೇಳಿ, ಅವನೇ ಹೇಳುತ್ತಾನೆ ಅಂದೆ.

ಊಟ ಕೇಳುವ ಆ ಗೆಳೆಯ ಯಾರು ಅಂತಲೂ ಮನೆಯವರಿಗೆ ಗೊತ್ತಿರಬೇಕು. ಮಗುವಿನ ಸೋಗಿನಲ್ಲಿ ದೊಡ್ಡವರೂ ಇರಬಹುದು, ಅಲ್ವಾ? ಬೈಯದೆ ಕೇಳಿದರೆ ಹುಡುಗ ಹೇಳುತ್ತಾನೆ. ಫೋಟೊ, ಶಾಲೆಯ ಹೆಸರು ಕೊಡಬಾರದು ಅಂತ ಅವನಿಗೇ ಬಿಡಿಸಿ ಹೇಳಿದೆ.

ಇವನದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನುವುದು ಹಿಡಿತ ತಪ್ಪಿ, ಓದು, ಮನೆ, ಸ್ನೇಹ ಎಲ್ಲ ಹಾಳಾದರೂ ಆಟ ನಿಲ್ಲದೆ, ಅದು ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದಾಗ. ಆ ಲಕ್ಷಣ ಕಂಡರೆ ವೈದ್ಯರ ಹತ್ತಿರ ಹೋಗಿ, ಅಥವಾ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹುಡುಗ ಈಗಲೂ ಆಡುತ್ತಾನೆ, ಹತ್ತರ ತನಕ.