ನವೆಂಬರ್ ಕೊನೆಗೆ ವೆಡ್ಡರ್ ಹೊಳೆಯಲ್ಲಿ ಸಾಲ್ಮನ್ ಕಾಣುತ್ತವೆ, ಗಾಳಕ್ಕೆ ಮಾತ್ರ ಬೀಳುವುದಿಲ್ಲ. ಯಾಕೆ?

ನೀವು ಕೇಳಿದ್ದು ಇಷ್ಟು ಅಲ್ವಾ: ಊರು ತೀರ್ಥಹಳ್ಳಿ ಕಡೆ, ಈಗ ಇರುವುದು ಕೆನಡಾದ ಸರ್ರೆಯಲ್ಲಿ. ರಜೆ ಸಿಕ್ಕಾಗ ಚಿಲ್ಲಿವ್ಯಾಕ್‌ನ ವೆಡ್ಡರ್ ಹೊಳೆಗೆ ಹೋಗುತ್ತೀರಿ. ಕಣ್ಣೆದುರೇ ದೊಡ್ಡ ದೊಡ್ಡ ಮೀನು ನೆಗೆಯುತ್ತವೆ, ಒಂದೂ ಕಚ್ಚುವುದಿಲ್ಲ. ಸೀಸನ್ ಮುಗಿಯಿತು ಅಂತ ಗಾಳ ಸುತ್ತಿಡಬೇಕಾ, ಇಲ್ಲ ಗೆಳೆಯ ಹೇಳಿದಂತೆ ಉದ್ದ ದಾರ ಬಿಟ್ಟು ಜಗ್ಗಬೇಕಾ?

ಎರಡೂ ಬೇಡ. ನವೆಂಬರ್ ಕೊನೆಯಲ್ಲೂ ಅಲ್ಲಿ ಒಳ್ಳೆಯ ಮೀನು ಸಿಗುತ್ತದೆ. ಆದರೆ ರಜೆ ನೋಡಿಕೊಂಡು ಹೋದರೆ ಸಿಗುವುದಿಲ್ಲ, ನೀರು ನೋಡಿಕೊಂಡು ಹೋಗಬೇಕು.

ಮೊದಲು ನೆಗೆಯುವ ಮೀನಿನ ವಿಷಯ. ಆ ಹೊತ್ತಿಗೆ ನಿಮಗೆ ಕಾಣುವುದರಲ್ಲಿ ಹೆಚ್ಚಿನವು ಚಮ್ ಅನ್ನುವ ಜಾತಿಯ ಸಾಲ್ಮನ್. ಮೈಮೇಲೆ ನೇರಳೆ, ಹಸಿರು ಪಟ್ಟೆ, ಬಾಯಲ್ಲಿ ನಾಯಿಹಲ್ಲು. ಮೊಟ್ಟೆ ಇಡುವ ಜಾಗ ತಲುಪಿದ ಮೀನು ಅದು. ನೀವು ಹುಡುಕಬೇಕಾದ್ದು ಕೋಹೊ ಅನ್ನುವ ಇನ್ನೊಂದು ಜಾತಿ. ಅದು ಇಷ್ಟೊಂದು ಸದ್ದು ಮಾಡುವುದಿಲ್ಲ. ಹೆಚ್ಚಾಗಿ ನಿಧಾನ ನೀರಿನಲ್ಲಿ ಮೇಲೆ ಬಂದು ಬೆನ್ನು ಹೊರಳಿಸಿ ಮತ್ತೆ ಮುಳುಗುತ್ತದೆ. ಹೀಗಾಗಿ ನೆಗೆತ ಕಂಡ ಕಡೆಗೆಲ್ಲ ಗಾಳ ಎಸೆಯುವುದು ಸುಮ್ನೆ ದಂಡ.

ಇನ್ನು ಯಾಕೆ ಕಚ್ಚುವುದಿಲ್ಲ ಅಂದರೆ, ಅವುಗಳಿಗೆ ಹಸಿವಿಲ್ಲ. ಸಮುದ್ರ ಬಿಟ್ಟು ಸಿಹಿನೀರಿಗೆ ಬಂದ ಮೇಲೆ ಸಾಲ್ಮನ್ ಉಣ್ಣುವುದನ್ನೇ ಬಿಡುತ್ತದೆ. ಹೊಟ್ಟೆಯ ಚೀಲ ಮುದುಡಿಹೋಗುತ್ತದೆ. ಮೈಯಲ್ಲಿರುವ ಕೊಬ್ಬು ಕರಗಿಸಿಕೊಂಡೇ ಮೇಲಕ್ಕೆ ಹತ್ತಿ, ಮೊಟ್ಟೆ ಇಟ್ಟು ಸಾಯುತ್ತದೆ. ಚಮ್ ಆಗಲಿ, ಕೋಹೊ ಆಗಲಿ, ಪೆಸಿಫಿಕ್ ಕಡೆಯ ಸಾಲ್ಮನ್‌ಗಳ ಪಾಡು ಇದೇ. ಹಾಗಿದ್ದರೂ ಕಚ್ಚುತ್ತವೆ, ಸಿಟ್ಟಿಗೋ ಹಳೇ ಚಾಳಿಗೋ. ಅದಕ್ಕೆ ಎರೆ ಅದರ ಮೂತಿಯ ಮುಂದೆಯೇ ಹಾದುಹೋಗಬೇಕು. ನೀರಿನ ಬಿಸಿ ಐದಾರು ಡಿಗ್ರಿಗೆ ಇಳಿದಾಗ ಮೀನಿನ ಮೈಯೂ ತಣ್ಣಗಾಗಿ ಜಡವಾಗಿರುತ್ತದೆ. ಅಕ್ಟೋಬರ್‌ನಲ್ಲಿ ನಾಲ್ಕು ಮಾರು ಅಟ್ಟಿಸಿಕೊಂಡು ಬರುತ್ತಿದ್ದ ಮೀನು ಈಗ ಒಂದು ಮೊಳವೂ ಅಲುಗುವುದಿಲ್ಲ.

ನೀರಿನ ಮಾತಿಗೆ ಬರೋಣ, ಇದೇ ಮುಖ್ಯ. ನೀವು ಮಲೆನಾಡಿನವರು, ಹತ್ತುಮೀನು ಗೊತ್ತಿರುತ್ತದೆ. ಮುಂಗಾರಿನ ಮೊದಲ ನೀರು ಹಳ್ಳಕ್ಕೆ ಇಳಿದ ಕೂಡಲೇ ಹೊಳೆಯ ಮೀನು ಗದ್ದೆಯ ಕಡೆ ಹತ್ತುತ್ತದಲ್ಲ, ಇಲ್ಲೂ ಹಾಗೇ. ಮಳೆ ಬಂದು ಹೊಳೆ ಏರಿದಾಗ ಫ್ರೇಸರ್ ನದಿಯಲ್ಲಿ ಕಾಯುತ್ತಿದ್ದ ಮೀನು ವೆಡ್ಡರ್‌ಗೆ ನುಗ್ಗುತ್ತದೆ. ಆದರೆ ಏರುವ ನೀರಿನಲ್ಲಿ ಗಾಳ ಹಾಕಿ ಲಾಭವಿಲ್ಲ. ಮೀನು ನಿಲ್ಲದೆ ಓಡುತ್ತಿರುತ್ತದೆ. ಮೇಲಿನ ಜೇಡಿ ದಂಡೆಗಳು ಕರಗಿ ನೀರು ಕೆಸರಾಗಿರುತ್ತದೆ, ಎರೆ ಅದಕ್ಕೆ ಕಾಣುವುದೂ ಇಲ್ಲ. ನೀರು ಇಳಿಯಲು ಶುರುವಾಗಿ, ಕಂದು ಬಣ್ಣ ಹೋಗಿ ಹಸಿರಿಗೆ ತಿರುಗುವ ಹೊತ್ತು ಇದೆಯಲ್ಲ, ಅದೇ ನಿಮ್ಮ ದಿನ. ಮೊಣಕಾಲುದ್ದ ನೀರಿನಲ್ಲಿ ನಿಂತಾಗ ಬೂಟಿನ ತುದಿ ಮಸುಕಾಗಿ ಕಂಡರೆ ಸಾಕು. ಪೂರ್ತಿ ತಿಳಿಯಾಗಿ ಸಣ್ಣದಾದ ಹೊಳೆಯಲ್ಲಿ ಮೀನು ಮತ್ತೆ ಬೆದರುತ್ತದೆ.

ಇದನ್ನು ಮನೆಯಲ್ಲೇ ಕೂತು ನೋಡಬಹುದು. ವೆಡ್ಡರ್ ಕ್ರಾಸಿಂಗ್ ಸೇತುವೆಯ ಹತ್ತಿರ ಕೆನಡಾ ಸರ್ಕಾರದ ಜಲಮಾಪನ ಕೇಂದ್ರವಿದೆ. ನೀರಿನ ಮಟ್ಟದ ಗ್ರಾಫ್ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. (ಆ ಸೇತುವೆಯಿಂದ ಮೇಲೆ ಇದೇ ಹೊಳೆಗೆ ಚಿಲ್ಲಿವ್ಯಾಕ್ ಅನ್ನುತ್ತಾರೆ, ಕೆಳಗೆ ವೆಡ್ಡರ್. ನಿಯಮ ಓದುವಾಗ ಎರಡೂ ಹೆಸರು ಹುಡುಕಿ.) ಗ್ರಾಫ್‌ನ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಲಗಿ. ತುದಿ ಮುಟ್ಟಿ ಇಳಿಯುತ್ತಿದ್ದರೆ ಬೆಳಗಿನ ಜಾವಕ್ಕೆ ಅಲಾರಂ ಇಡಿ. ಕೋಹೊ ಕಚ್ಚುವುದು ಮಬ್ಬು ಬೆಳಕಿನಲ್ಲೇ ಜಾಸ್ತಿ.

ಜಾಗದ ವಿಷಯದಲ್ಲಿ ಜನ ನಿಂತ ಕಡೆಯೇ ಹೋಗಿ ನಿಲ್ಲಬೇಡಿ. ಸೆಳೆತ ಜೋರಿರುವ ಕಡೆ ಕೋಹೊ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿದ್ದ ಮರದ ದಿಮ್ಮಿಯ ಹಿಂದೆ, ತಿರುವಿನ ಒಳಬದಿಯಲ್ಲಿ, ನೀರು ನಿಂತಂತೆ ಕಾಣುವ ಮಡುವಿನ ಅಂಚಿನಲ್ಲಿ ನೋಡಿ. ಚಳಿ ಏರಿದಷ್ಟೂ ಆಳ ಮತ್ತು ನಿಧಾನ ನೀರು.

ಎರೆಗೆ ಸಾಲ್ಮನ್ ಮೊಟ್ಟೆ, ಬೆಂಡು ಕಟ್ಟಿ ಬಿಡುವುದು, ಇಷ್ಟು ಸಾಕು. ಬೊರಾಕ್ಸ್ ಹಾಕಿ ಹದ ಮಾಡಿದ ಮೊಟ್ಟೆ ಅಂಗಡಿಯಲ್ಲೇ ಸಿಗುತ್ತದೆ. ಎಷ್ಟು ಕಟ್ಟಬೇಕು ಅನ್ನುವುದರಲ್ಲೇ ಜನ ಎಡವುತ್ತಾರೆ. ಕಲಕು ನೀರಿಗೆ ದೊಡ್ಡ ಗಂಟು, ತಿಳಿ ನೀರಿಗೆ ಒಂದು ರೂಪಾಯಿ ನಾಣ್ಯದಷ್ಟು ಮಾತ್ರ. ಕೊಕ್ಕೆಯ ಮೇಲಿನ ತೆಳು ದಾರ ಒಂದೂವರೆ, ಎರಡು ಅಡಿ ಇರಲಿ. ಎರೆ ತಳದಿಂದ ಒಂದಡಿ ಮೇಲೆ ತೇಲುವಂತೆ ಬೆಂಡನ್ನು ಸರಿಸುತ್ತಿರಿ. ಬೆಂಡು ನೀರಿನ ವೇಗದಲ್ಲೇ ಸಾಗಬೇಕು, ದಾರ ಅದನ್ನು ಎಳೆಯಬಾರದು. ಚಳಿಗೆ ಜಡವಾದ ಮೀನು ಬೆಂಡನ್ನು ಮುಳುಗಿಸುವುದೂ ಇಲ್ಲ, ಸ್ವಲ್ಪ ತಡೆದಂತೆ ಕಾಣುತ್ತದೆ ಅಷ್ಟೇ. ಆಗಲೇ ಎತ್ತಿ. ಮೊಟ್ಟೆಗೆ ಬರದಿದ್ದರೆ ಸಣ್ಣ ತಗಡಿನ ಸ್ಪೂನ್ (ಮೀನಿನಂತೆ ಮಿನುಗುವ ಹುಸಿ ಎರೆ) ಹಾಕಿ, ಆದಷ್ಟು ನಿಧಾನಕ್ಕೆ ಸುತ್ತಿ.

ನಿಮ್ಮ ಗೆಳೆಯ ಹೇಳಿದ ಉದ್ದ ದಾರದ ಉಪಾಯದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಅಲ್ಲಿ ಮೀನು ಕಚ್ಚುವುದಿಲ್ಲ. ದಾರ ಅದರ ಬಾಯಿಯ ಮೂಲಕ ಹಾದು ಕೊಕ್ಕೆ ಹೊರಗಿನಿಂದ ಚುಚ್ಚುತ್ತದೆ. ಎಷ್ಟೋ ಸಲ ಹೊಟ್ಟೆಗೋ ಬಾಲಕ್ಕೋ ಸಿಕ್ಕಿಕೊಳ್ಳುತ್ತದೆ. ಬೇಕಂತಲೇ ಮೈಗೆ ಕೊಕ್ಕೆ ಸಿಕ್ಕಿಸುವುದು ಕಾನೂನಿಗೆ ವಿರುದ್ಧ, ಅಕಸ್ಮಾತ್ ಸಿಕ್ಕರೂ ಕೂಡಲೇ ಬಿಡಬೇಕು. ಪರ್ಮಿಟ್ ಮೇಲೆ ಓದುತ್ತಿರುವ ಹುಡುಗರು ಇದಕ್ಕೆ ದಂಡ ಕಟ್ಟುವುದು ಬೇಕಾ? ಈ ಪ್ರಾಂತ್ಯದ ಹೊಳೆಗಳಲ್ಲಿ ಒಂಟಿ ಕೊಕ್ಕೆ, ಅದಕ್ಕೆ ಹಿಮ್ಮುಳ್ಳು ಇರಬಾರದು. ಇದ್ದರೆ ಇಕ್ಕಳದಿಂದ ಅಮುಕಿಬಿಡಿ.

ಮೀನು ಸಿಕ್ಕಿತು ಅಂತಿಟ್ಟುಕೊಳ್ಳಿ. ನೀರಿನಿಂದ ಎತ್ತುವ ಮೊದಲು ಬೆನ್ನಿನ ಮೇಲೆ, ಬಾಲದ ಹತ್ತಿರದ ಪುಟ್ಟ ರೆಕ್ಕೆ ನೋಡಿ. ಆ ರೆಕ್ಕೆ ಕತ್ತರಿಸಿ ಗಾಯ ಮಾಗಿದ್ದರೆ ಹ್ಯಾಚರಿಯ, ಅಂದರೆ ಮರಿ ಸಾಕಿ ಬಿಡುವ ಕೇಂದ್ರದ ಮೀನು. ಮೇಲ್ಗಡೆ ಸ್ಲೆಸ್ಸಿ ತೊರೆ ಸೇರುವ ಕಡೆ ಒಂದು ಹ್ಯಾಚರಿ ಇದೆ, ಮರಿ ಬಿಡುವ ಮೊದಲು ಹೀಗೆ ಗುರುತು ಮಾಡುತ್ತಾರೆ. ರೆಕ್ಕೆ ಇದ್ದರೆ ಕಾಡು ಕೋಹೊ, ಬಿಟ್ಟುಬಿಡಿ. ಚಿನೂಕ್ ಅನ್ನುವ ಬೇರೆ ಜಾತಿಯ ಸಾಲ್ಮನ್ ಇರಬಹುದಾ ಅಂತ ಅನುಮಾನ ಬಂದರೆ ಬಾಯಿ ತೆರೆದು ನೋಡಿ. ಹಲ್ಲಿನ ಬುಡದಲ್ಲಿ ವಸಡು ಬೆಳ್ಳಗಿದ್ದರೆ ಕೋಹೊ, ಕಪ್ಪಗಿದ್ದರೆ ಚಿನೂಕ್.

ಹ್ಯಾಚರಿಯದ್ದೇ ಆದರೂ ಕೆಂಪಗೆ ತಿರುಗಿದ್ದರೆ ನಾನು ಮನೆಗೆ ತರುವುದಿಲ್ಲ. ಮಾಂಸಕ್ಕೆ ಕೇಸರಿ ಬಣ್ಣ ಕೊಡುವ ಅಂಶವೇ ಈಗ ಚರ್ಮಕ್ಕೂ ಮೊಟ್ಟೆಗೂ ಹೋಗಿರುತ್ತದೆ. ಮೈ ಕೆಂಪಾದಷ್ಟೂ ಒಳಗೆ ಬಿಳಿಚಿ, ಮೆತ್ತಗೆ. ಬ್ಯಾಡಗಿ ಮೆಣಸು ಎಷ್ಟು ಅರೆದು ಹಚ್ಚಿದರೂ ಆ ಸಪ್ಪೆ ಹೋಗುವುದಿಲ್ಲ. ಬೆಳ್ಳಿಯಂತೆ ಹೊಳೆಯುವ, ಹಿಡಿದರೆ ಗಟ್ಟಿ ಇರುವ ಮೀನು ಮಾತ್ರ ತನ್ನಿ. ಹಸಿಯಾಗಿ ತಿನ್ನುವ ಶೋಕಿ ಬೇಡ, ಹೊಳೆಯ ಸಾಲ್ಮನ್‌ನಲ್ಲಿ ಲಾಡಿಹುಳು ಇರಬಹುದು. ಚೆನ್ನಾಗಿ ಬೇಯಿಸಿ.

ಹೊಳೆಗೆ ಇಳಿಯುವಾಗ ಹಾಕುವ, ನೀರು ಸೋರದ ಉಡುಪಾದ ವೇಡರ್‌ನ ಸೊಂಟಪಟ್ಟಿ ಬಿಗಿಯಾಗಿರಲಿ. ಬಿದ್ದರೆ ಒಳಗೆ ನೀರು ತುಂಬುವುದು ಅದರಿಂದ ತಡವಾಗುತ್ತದೆ. ಆ ಚಳಿ ನೀರಿನಲ್ಲಿ ಕೈಕಾಲು ಮರಗಟ್ಟಲು ಕೆಲವೇ ನಿಮಿಷ ಸಾಕು, ತುಂಗೆಯಲ್ಲಿ ಈಜಿದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಒಬ್ಬರೇ ಹೋಗಬೇಡಿ. ತಳದ ಜಲ್ಲಿಯಲ್ಲಿ ಅಲ್ಲಲ್ಲಿ ತೊಳೆದಿಟ್ಟಂತೆ ತಿಳಿ ಬಣ್ಣದ ತೇಪೆ ಕಂಡರೆ ಸುತ್ತಿ ಬಳಸಿ ಹೋಗಿ. ಹೆಣ್ಣು ಮೀನು ಬಾಲದಿಂದ ಕೆರೆದು ಮೊಟ್ಟೆ ಹೂತಿಟ್ಟ ಜಾಗ ಅದು.

ಲೈಸೆನ್ಸ್ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು, ಸಿಹಿನೀರಿನದ್ದು ಬೇಕು. ಸಾಲ್ಮನ್ ಇಟ್ಟುಕೊಳ್ಳುವುದಾದರೆ ಅದರ ಮೇಲೆ ಬೇರೆ ಶುಲ್ಕವಿದೆ. ವರ್ಷದ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಯಾವ ಮೀನು, ದಿನಕ್ಕೆ ಎಷ್ಟು ಅನ್ನುವುದು ಸೀಸನ್ ನಡುವೆಯೇ ಬದಲಾಗುತ್ತದೆ, ಚಮ್ ವಿಷಯದಲ್ಲಂತೂ. ಹಿಂದಿನ ರಾತ್ರಿ ಫೆಡರಲ್ ಮೀನುಗಾರಿಕೆ ಇಲಾಖೆಯ ಪುಟ ನೋಡಿಯೇ ಹೊರಡಿ.

ಮನೆಯವರನ್ನೂ ಕರೆದುಕೊಂಡು ಬಂದ ದಿನ ಹೊಳೆ ಕೆಸರಾಗಿದ್ದರೆ ವಾಪಸ್ ಹೋಗಬೇಡಿ. ಫ್ರೇಸರ್ ದಾಟಿ ಹ್ಯಾರಿಸನ್ ಹೊಳೆಯ ಕಡೆ ಹೋಗಿ. ಸತ್ತ ಚಮ್ ತಿನ್ನಲು ಬೋಳುತಲೆ ಹದ್ದುಗಳು ಅಲ್ಲಿ ಗುಂಪುಗುಂಪಾಗಿ ಸೇರುವುದು ಇದೇ ತಿಂಗಳು. ಮಕ್ಕಳಿಗೆ ಗಾಳಕ್ಕಿಂತ ಅದೇ ಖುಷಿ. ನಾತಕ್ಕೆ ಮಾತ್ರ ತಯಾರಾಗಿರಿ.