ತಾಜಾಕಲಂನಲ್ಲಿ ಅಡಗಿದ್ದ ಕಾಯಿಲೆ

ಸಾಗರದ ಓದುಗರೊಬ್ಬರ ಪತ್ರ: “ಬಲಗೈ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ವರ್ಷದಿಂದ ಮೆತ್ತನೆಯ ಗಂಟು. ಅಡಕೆಯಷ್ಟಿದ್ದದ್ದು ನಿಂಬೆಯಷ್ಟಾಗಿದೆ. ನೋವಿಲ್ಲ. ಒಬ್ಬ ವೈದ್ಯರು ಒತ್ತಿ ನೋಡಿ, ಕೊಬ್ಬಿನ ಗಡ್ಡೆ, ಬಿಡಿ ಎಂದರು. ಇನ್ನೊಬ್ಬರು ಮುಟ್ಟದೆಯೇ ಎಂಆರ್‌ಐಗೆ ಚೀಟಿ ಬರೆದರು. ಯಾರನ್ನು ನಂಬಲಿ? ತಾ.ಕ.: ಈಚೆಗೆ ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತವೆ. ವಯಸ್ಸಾಯಿತಲ್ಲ!”

ಸಂಪಾದಕರು: ಮೊದಲ ಸಾಲಿನಲ್ಲಿ ಬರೆಯಬೇಕಾದದ್ದನ್ನು ತಾಜಾಕಲಂಗೆ ತಳ್ಳಿದ್ದೀರಲ್ಲ, ತಾಯಿ! ಜೋಮಿಗೆ ವಯಸ್ಸನ್ನು ದೂರಬೇಡಿ. ಮಣಿಕಟ್ಟಿನ ನರವನ್ನು ಆ ಗಡ್ಡೆಯೇ ಅದುಮುತ್ತಿರಬಹುದು.

ನನ್ನ ಒಲವು ಮುಟ್ಟಿ ನೋಡಿದ ವೈದ್ಯರ ಕಡೆಗೆ. ಲೈಪೋಮ ಎಂಬ ಈ ನಿರಪಾಯದ ಗಡ್ಡೆಯ ಅಂಚನ್ನು ಒತ್ತಿದರೆ ಹಲಸಿನ ಬೀಜದ ಹಾಗೆ ಬೆರಳಡಿಯಿಂದ ಜಾರುತ್ತದೆ. ನೀರು ತುಂಬಿದ ಗ್ಯಾಂಗ್ಲಿಯನ್ ಆದರೆ ಸಾಮಾನ್ಯವಾಗಿ ಟಾರ್ಚಿನ ಬೆಳಕು ಕೆಂಪಗೆ ಹಾಯುತ್ತದೆ. ನಮ್ಮ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರೊಬ್ಬರ ಅಂಗೈ ಗಂಟನ್ನು ನಾವೆಲ್ಲ ಕೆಲಸದ ಜಡ್ಡು ಎಂದುಕೊಂಡಿದ್ದೆವು. ಊರಿನ ಮುದಿ ಡಾಕ್ಟರು ಕಣ್ಣು ಮುಚ್ಚಿಕೊಂಡು ಒತ್ತಿ, “ಬೆಣ್ಣೆ” ಎಂದರು. ತೆಗೆದಾಗ ಹಳದಿಯ ಮುದ್ದೆ, ಬೆಣ್ಣೆಯೇ! ಈಗಲೋ, ಕಳೆದ ವರ್ಷ ನನ್ನ ಮೊಣಕಾಲು ನೋಡಿದ ತಜ್ಞರು ಪಂಚೆಯನ್ನೇ ಮೇಲೆತ್ತಿಸಲಿಲ್ಲ. ಕಂಪ್ಯೂಟರನ್ನು ನೋಡಿ ಮಂಡಿಯನ್ನು ಗುಣಪಡಿಸಿದರು. ಮಂಡಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

ಹಾಗೆಂದು ಎಂಆರ್‌ಐ ಬೇಡವೆಂದೇನೂ ಅಲ್ಲ. ಅಂಗೈಯ ಗಟ್ಟಿ ಪೊರೆಯ ಕೆಳಗೆ ಸೇರಿದ ಕೊಬ್ಬು ಬೆರಳಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಅಲ್ಲಿ ಎಂಥ ಕೈಯೂ ಮೋಸಹೋಗುತ್ತದೆ. ಬೆಳೆಯುತ್ತಿರುವ, ಆಳದ, 5 ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಯಾದರೆ ಕೊಬ್ಬಿನ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನರ ಯಾವ ಕಡೆಯಿಂದ ಹಾಯ್ದಿದೆ ಎಂಬುದೂ ಚಿತ್ರದಲ್ಲಿ ಕಾಣುತ್ತದೆ. ಆದ್ದರಿಂದ ಚೀಟಿಯನ್ನು ಹರಿಯಬೇಡಿ.

ಆದರೆ ನನ್ನ ತಕರಾರು ಬೇರೆ. ಇಬ್ಬರಲ್ಲಿ ಒಬ್ಬರಾದರೂ “ಜೋಮು ಹಿಡಿಯುತ್ತದೆಯೇ?” ಎಂದು ಕೇಳಿದರೇ? ಚೀಟಿ ಬರೆಯುವಷ್ಟು ಹೊತ್ತೂ ಬೇಡವಾಗಿತ್ತು. ಪತ್ರಿಕೆಗೆ ಹೇಳಿದ್ದನ್ನು ವೈದ್ಯರಿಗೆ ಹೇಳದ ತಪ್ಪು ನಿಮ್ಮದೂ ಹೌದು.

ಜೋಮಿಲ್ಲದ, ಬೆಳೆಯದ ಗಡ್ಡೆಯಾಗಿದ್ದರೆ ಸುಮ್ಮನೆ ಬಿಡಿ ಎನ್ನುತ್ತಿದ್ದೆ. ನಿಮ್ಮದನ್ನು ಕೈಯ ಶಸ್ತ್ರಚಿಕಿತ್ಸಕರಿಗೇ ತೋರಿಸಿ. ಗಡ್ಡೆಯೇನೋ ಸಿಪ್ಪೆ ಸುಲಿದಂತೆ ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ, ಮರುಕಳಿಸುವುದೂ ಅಪರೂಪ. ಅದರ ಮೈಮೇಲೆ ಹಾದುಹೋದ ನೂಲಿನಂಥ ನರಗಳಿಗಾಗಿ ಭೂತಗನ್ನಡಿಯೂ ತಾಳ್ಮೆಯೂ ಬೇಕು. ತೆಗೆದದ್ದನ್ನು ಪೆಥಾಲಜಿಗೆ ಕಳುಹಿಸಿದರೇ ಎಂದು ಕೇಳಿ. ಗಾಯ ಮಾಗಿದ ಮೇಲೆ ಅದೇ ಕೈಯಿಂದ ಇನ್ನೊಂದು ಪತ್ರ ಬರೆಯಿರಿ, ತಾ.ಕ. ಇಲ್ಲದೆ.